ಹಳೆ ಕೀಬೋರ್ಡ್, ಹೊಸ ಲ್ಯಾಪ್‌ಟಾಪ್: ನಡುವೆ ಒಬ್ಬ ದುಭಾಷಿ ಬೇಕು

ಪ್ರಶ್ನೆ: ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಸೊಸೈಟಿಗಳ ವಾರ್ಷಿಕ ವರದಿ, ಇಂಥ ಕೆಲಸ. ಅಪ್ಪ ಮೊದಲಿಂದಲೂ ಟಿವಿಎಸ್ ಗೋಲ್ಡ್ ಕೀಬೋರ್ಡ್‌ನಲ್ಲೇ ನುಡಿ ಸಾಫ್ಟ್‌ವೇರ್ ಬಳಸಿ ಕನ್ನಡ ಟೈಪ್ ಮಾಡುತ್ತಾರೆ. ಈಗ ಡೆಸ್ಕ್‌ಟಾಪ್ ಕೆಟ್ಟಿತು, ಲ್ಯಾಪ್‌ಟಾಪ್ ತಂದೆವು. ಅದರಲ್ಲಿ ಬರೀ ಯುಎಸ್‌ಬಿ ಇದೆ. ಗೋಲ್ಡ್‌ನದು ಸಣ್ಣ ದುಂಡನೆ ಪ್ಲಗ್. ಅಂಗಡಿಯಿಂದ ಒಂದು ಚಿಕ್ಕ ಅಡಾಪ್ಟರ್ ತಂದು ಹಾಕಿದೆ. ಲೈಟ್ ಕೂಡ ಬರಲಿಲ್ಲ. ರಿಪೇರಿಯವರೊಬ್ಬರು "ವೈರ್ ಕಟ್ ಮಾಡಿ ಯುಎಸ್‌ಬಿ ಪ್ಲಗ್ ಹಾಕ್ತೀನಿ" ಅಂತಾರೆ. ಮನೆಯಲ್ಲಿ ಇನ್ನೊಂದು ಐಬಿಎಂ ಕೀಬೋರ್ಡ್ ಇದೆ. ಬಹಳ ಭಾರ, ದೊಡ್ಡ ಐದು ಪಿನ್ನಿನ ಪ್ಲಗ್. ಎರಡನ್ನೂ ಹೊಸ ಲ್ಯಾಪ್‌ಟಾಪ್‌ಗೆ ಜೋಡಿಸಬಹುದಾ? ಅಪ್ಪ ಸ್ಕ್ರೋಲ್ ಲಾಕ್ ಒತ್ತಿ ಕನ್ನಡ-ಇಂಗ್ಲಿಷ್ ಬದಲಿಸುತ್ತಾರೆ. ಲ್ಯಾಪ್‌ಟಾಪ್‌ನಲ್ಲಿ ಆ ಕೀಯೇ ಇಲ್ಲ. ಏನು ಮಾಡೋದು?

ಉತ್ತರ: ಮೊದಲು ಒಂದು ವಿನಂತಿ. ದಯವಿಟ್ಟು ವೈರ್ ಕತ್ತರಿಸಲು ಕೊಡಬೇಡಿ. ಇವತ್ತೇ ಅವರಿಗೆ ಫೋನ್ ಮಾಡಿ ಬೇಡ ಅಂತ ಹೇಳಿಬಿಡಿ. ಎರಡೂ ಕೀಬೋರ್ಡ್ ನಿಮ್ಮ ಲ್ಯಾಪ್‌ಟಾಪ್‌ಗೆ ಜೋಡಿಸಬಹುದು, ಒಂದು ವೈರನ್ನೂ ಕತ್ತರಿಸದೆ.

ಆ ರಿಪೇರಿಯವರಿಗೆ ಯಾಕೆ ಹಾಗೆ ಅನಿಸಿತು ಅಂತ ನನಗೆ ಗೊತ್ತು. ನಿಮ್ಮ ಗೋಲ್ಡ್‌ನ ಕೇಬಲ್ ಒಳಗೆ ಕೆಲಸ ಮಾಡುವ ವೈರ್ ನಾಲ್ಕು. ಯುಎಸ್‌ಬಿಯಲ್ಲೂ ನಾಲ್ಕೇ. ಎರಡರಲ್ಲೂ ಒಂದು ವೈರ್ 5 ವೋಲ್ಟ್, ಒಂದು ಗ್ರೌಂಡ್. ನೋಡಿದರೆ ಎಲ್ಲಾ ಹೊಂದಿಕೊಳ್ಳುತ್ತೆ. ಆದರೆ ಉಳಿದ ಎರಡು ವೈರ್ ಮೇಲೆ ನಡೆಯುವ ಮಾತು ಪೂರ್ತಿ ಬೇರೆ. ಗೋಲ್ಡ್‌ನಲ್ಲಿ ಆ ಎರಡಕ್ಕೆ ಕ್ಲಾಕ್ ಮತ್ತು ಡೇಟಾ ಅಂತ ಹೆಸರು. ಕ್ಲಾಕ್ ತಾಳ ಹಾಕುತ್ತೆ, ಡೇಟಾ ಆ ತಾಳಕ್ಕೆ ಸರಿಯಾಗಿ ಒಂದೊಂದೇ ಬಿಟ್ ಕಳಿಸುತ್ತೆ. ಯುಎಸ್‌ಬಿಯಲ್ಲಿ ಹಾಗಿಲ್ಲ. ಅಲ್ಲಿ ಎರಡೂ ವೈರ್ ಸೇರಿ ಒಂದೇ ಸಂದೇಶ ಒಯ್ಯುತ್ತವೆ. ಕಂಪ್ಯೂಟರ್ ಕೇಳಿದಾಗ ಮಾತ್ರ ಕೀಬೋರ್ಡ್ ಉತ್ತರ ಕೊಡಬೇಕು. ಹೊಸ ಪ್ಲಗ್ ಹಾಕಿದ ಮಾತ್ರಕ್ಕೆ ಹಳೆ ಕೀಬೋರ್ಡ್ ಹೊಸ ಭಾಷೆ ಕಲಿಯಲ್ಲ. ಕತ್ತರಿಸಿದ ಮೇಲೆ ಅದು ಯುಎಸ್‌ಬಿಗೂ ಆಗಲ್ಲ, ಹಳೆ ಪೋರ್ಟಿಗೂ ಆಗಲ್ಲ.

ಒಂದು ಉದಾಹರಣೆ ಹೇಳ್ತೀನಿ. ನಿಮ್ಮ ಅಪ್ಪ ನುಡಿಯಲ್ಲಿ 'ಟ' ಬೇಕಾದಾಗ ಕ್ಯೂ ಕೀ ಒತ್ತುತ್ತಾರೆ, ಅಲ್ವಾ? ಆಗ ಕೀಬೋರ್ಡ್ 'ಟ' ಅಂತಲೂ ಕಳಿಸಲ್ಲ, ಕ್ಯೂ ಅಂತಲೂ ಕಳಿಸಲ್ಲ. ಒಂದು ಸಂಖ್ಯೆ ಕಳಿಸುತ್ತೆ. ಐಬಿಎಂ 1981ರಲ್ಲಿ ತಂದ ಮೊದಲ ಪಿಸಿಯ ಕೀಬೋರ್ಡ್ ಆದರೆ ಆ ಸಂಖ್ಯೆ 10. 1984ರ ಪಿಸಿ ಎಟಿ ಕಾಲದಿಂದ ಬಂದ ಪದ್ಧತಿಯಲ್ಲಿ ಅದೇ ಕೀಗೆ 15. ಯುಎಸ್‌ಬಿ ಕೀಬೋರ್ಡ್‌ನಲ್ಲಿ 14. ಇವು ಹದಿನಾರರ ಲೆಕ್ಕದ ಸಂಖ್ಯೆಗಳು, ಅದು ಇರಲಿ. ಕೀ ಒಂದೇ, ಜಾಗವೂ ಅದೇ. ಹೆಸರು ಮಾತ್ರ ಮೂರು. ಹಳೆ ಕೀಬೋರ್ಡ್ 15 ಅಂದಿದ್ದನ್ನು ಕೇಳಿಸಿಕೊಂಡು ಲ್ಯಾಪ್‌ಟಾಪ್‌ಗೆ 14 ಅಂತ ಹೇಳುವವರು ನಡುವೆ ಬೇಕು. ಆ ದುಭಾಷಿಯನ್ನೇ ನಾವು ಕನ್ವರ್ಟರ್ ಅಂತ ಕರೀತೀವಿ. ಅದರೊಳಗೆ ಒಂದು ಚಿಪ್ ಇರುತ್ತೆ.

ನೀವು ತಂದ ಚಿಕ್ಕ ಅಡಾಪ್ಟರ್‌ನಲ್ಲಿ ಆ ಚಿಪ್ ಇಲ್ಲ. ಈ ಕಡೆಯ ಪಿನ್ನಿಂದ ಆ ಕಡೆಯ ಪಿನ್ನಿಗೆ ನೇರ ವೈರ್, ಅಷ್ಟೇ. ಅಂಥವು ಸುಳ್ಳು ಮಾಲೇನೂ ಅಲ್ಲ. ಒಂದು ಕಾಲದಲ್ಲಿ ಎರಡೂ ಭಾಷೆ ಬಲ್ಲ ಮೌಸ್, ಕೀಬೋರ್ಡ್‌ಗಳು ಬರುತ್ತಿದ್ದವು. ಯಾವ ಪೋರ್ಟಿಗೆ ಸಿಕ್ಕಿಸಿದರು ಅಂತ ತಾವೇ ತಿಳಿದುಕೊಂಡು ಅದರಂತೆ ಮಾತಾಡುತ್ತಿದ್ದವು. ಅವಕ್ಕೆ ಪ್ಲಗ್ಗಿನ ಆಕಾರ ಬದಲಾದರೆ ಸಾಕಾಗುತ್ತಿತ್ತು. ನಿಮ್ಮ ಗೋಲ್ಡ್ ಒಂದೇ ಭಾಷೆ ಬಲ್ಲದ್ದು. ಅದಕ್ಕೇ ಸುಮ್ಮನಿತ್ತು. ಕೀಬೋರ್ಡ್ ಕೆಟ್ಟಿದೆ ಅಂತ ಇದರಿಂದ ಅಂದುಕೊಳ್ಳಬೇಡಿ.

ಗೋಲ್ಡ್‌ಗೆ ಏನು ತರಬೇಕು ಅಂದರೆ, ಒಳಗೆ ಚಿಪ್ ಇರುವ ಪಿಎಸ್/2 ಟು ಯುಎಸ್‌ಬಿ ಕನ್ವರ್ಟರ್. ಪಿಎಸ್/2 ಅಂದರೆ ನಿಮ್ಮ ಗೋಲ್ಡ್‌ನ ಆರು ಪಿನ್ನಿನ ಸಣ್ಣ ದುಂಡನೆ ಪ್ಲಗ್. ಐಬಿಎಂ 1987ರಲ್ಲಿ ತಂದ ಕಂಪ್ಯೂಟರಿನ ಹೆಸರೇ ಅದಕ್ಕೆ ಉಳಿಯಿತು. ಸಾಮಾನ್ಯವಾಗಿ ಸಿಗುವ ಕನ್ವರ್ಟರ್‌ನಲ್ಲಿ ಒಂದು ಯುಎಸ್‌ಬಿ ಪ್ಲಗ್, ಸ್ವಲ್ಪ ವೈರ್, ತುದಿಗೆ ಎರಡು ದುಂಡನೆ ಸಾಕೆಟ್ ಇರುತ್ತವೆ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಒಂದು ಗುರುತು ನೆನಪಿಡಿ. ಕೀಬೋರ್ಡ್ ಜೋಡಿಸದೆ ಬರೀ ಕನ್ವರ್ಟರನ್ನು ಲ್ಯಾಪ್‌ಟಾಪ್‌ಗೆ ಹಾಕಿದರೂ, ಹೊಸ ಸಾಧನ ಸಿಕ್ಕಿತು ಅಂತ ವಿಂಡೋಸ್ 'ಟಿಂಗ್' ಅನ್ನಬೇಕು. ಅಂದರೆ ಒಳಗೆ ಚಿಪ್ ಇದೆ. ಬರೀ ವೈರಿನ ಅಡಾಪ್ಟರ್ ಹಾಕಿದರೆ ಲ್ಯಾಪ್‌ಟಾಪ್‌ಗೆ ಏನೂ ಗೊತ್ತಾಗಲ್ಲ. ಅಂಗಡಿಯಲ್ಲೇ ನಿಂತು ಈ ಪರೀಕ್ಷೆ ಮಾಡಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಕೀಬೋರ್ಡನ್ನು ಮೊದಲು ಕನ್ವರ್ಟರ್‌ಗೆ ಸಿಕ್ಕಿಸಿ, ಆಮೇಲೆ ಕನ್ವರ್ಟರನ್ನು ಲ್ಯಾಪ್‌ಟಾಪ್‌ಗೆ ಹಾಕಿ. ತೆಗೆಯುವಾಗ ಉಲ್ಟಾ. ಕರೆಂಟ್ ಇರುವಾಗ ದುಂಡನೆ ಪ್ಲಗ್ ಹಾಕಿ ತೆಗೆದು ಮಾಡಬಾರದು. ಯುಎಸ್‌ಬಿಯನ್ನು ಹಾಗೆ ಮಾಡಲೆಂದೇ ಕಟ್ಟಿದ್ದಾರೆ, ಪಿಎಸ್/2 ಹಾಗಲ್ಲ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಚಾಲೂ ಇದ್ದ ಕಂಪ್ಯೂಟರಿಗೆ ಕೀಬೋರ್ಡ್ ಸಿಕ್ಕಿಸಿದೆ. ಆ ಪೋರ್ಟ್ ಮತ್ತೆ ಏಳಲೇ ಇಲ್ಲ. ಮದರ್‌ಬೋರ್ಡ್ ಮೇಲಿನ ಅಕ್ಕಿಕಾಳಿನಷ್ಟು ಸಣ್ಣ ಫ್ಯೂಸ್ ಹೋಗಿತ್ತು. ಅದನ್ನು ಹುಡುಕಿ ಬದಲಿಸೋಕೆ ಇಡೀ ದಿನ ಹಿಡಿಯಿತು.

ಅಂದಹಾಗೆ, ಮುಂದೆ ಮತ್ತೆ ಡೆಸ್ಕ್‌ಟಾಪ್ ಕೊಳ್ಳುವುದಾದರೆ ಹಿಂದಿನ ಫಲಕ ನೋಡಿ ಕೊಳ್ಳಿ. ಎಷ್ಟೋ ಹೊಸ ಮದರ್‌ಬೋರ್ಡ್‌ಗಳಲ್ಲೂ ಅರ್ಧ ನೇರಳೆ ಅರ್ಧ ಹಸಿರು ಬಣ್ಣದ ಒಂದು ಪಿಎಸ್/2 ಪೋರ್ಟ್ ಇರುತ್ತೆ. ಆಗ ಕನ್ವರ್ಟರ್ ಬೇಕೇ ಇಲ್ಲ.

ಈಗ ಸ್ಕ್ರೋಲ್ ಲಾಕ್. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಮಾತು. ಬೇರೆಯವರಿಗೆ ಅದು ಯಾತಕ್ಕೂ ಬಾರದ ಕೀ. ಲ್ಯಾಪ್‌ಟಾಪ್ ಮಾಡುವವರು ಅದನ್ನು ತೆಗೆದೇಬಿಟ್ಟರು. ನುಡಿಯಲ್ಲಿ ಕೈ ಪಳಗಿದವರಿಗೆ ಅದು ಕನ್ನಡದ ಬಾಗಿಲು. ಆ ಲೈಟ್ ಉರಿದರೆ ಕನ್ನಡ, ಆರಿದರೆ ಇಂಗ್ಲಿಷ್. ಸ್ಕ್ರೀನ್ ನೋಡದೆ, ಕೈಬರಹದ ಕಾಪಿ ಮೇಲೇ ಕಣ್ಣಿಟ್ಟು ಟೈಪ್ ಮಾಡುವವರಿಗೆ ಆ ಸಣ್ಣ ಹಸಿರು ಚುಕ್ಕೆ ಎಷ್ಟು ಮುಖ್ಯ ಅಂತ ಗದಗಿನ ಪ್ರೆಸ್‌ನವರಿಗೆ ನಾನು ಹೇಳಬೇಕಾಗಿಲ್ಲ. ಮುದ್ರಣಕಾಶಿ ಅಂತ ಹೆಸರಾದ ಊರು ನಿಮ್ಮದು.

ಆ ಲೈಟ್ ಹೇಗೆ ಉರಿಯುತ್ತೆ ನೋಡಿ. ಸ್ಕ್ರೋಲ್ ಲಾಕ್ ಒತ್ತಿದಾಗ ಕೀಬೋರ್ಡ್ ತಾನಾಗಿಯೇ ಲೈಟ್ ಹಚ್ಚಲ್ಲ. ಅದು ಕಂಪ್ಯೂಟರಿಗೆ 'ಈ ಕೀ ಒತ್ತಿದರು' ಅಂತ ಮಾತ್ರ ಹೇಳುತ್ತೆ. ಲೈಟ್ ಹಚ್ಚು ಅಂತ ಅಪ್ಪಣೆ ಕಂಪ್ಯೂಟರಿನಿಂದ ವಾಪಸ್ ಬರಬೇಕು. ಅಂದರೆ ದುಭಾಷಿ ಎರಡೂ ಕಡೆಯ ಮಾತು ತಿರುಗಿಸಬೇಕು. ಇಲ್ಲಿ ಇನ್ನೊಂದು ತೊಡಕಿದೆ. ಆ ಅಪ್ಪಣೆಯಲ್ಲಿ ಲೈಟುಗಳ ಸಾಲು ಹಳೆ ಪದ್ಧತಿಯಲ್ಲಿ ಸ್ಕ್ರೋಲ್, ನಮ್, ಕ್ಯಾಪ್ಸ್ ಅಂತ ಇದೆ. ಯುಎಸ್‌ಬಿಯಲ್ಲಿ ನಮ್, ಕ್ಯಾಪ್ಸ್, ಸ್ಕ್ರೋಲ್ ಅಂತ ಇದೆ. ಕನ್ವರ್ಟರ್ ಆ ಸಾಲನ್ನು ಅದಲುಬದಲು ಮಾಡಿ ಕಳಿಸಬೇಕು. ಒಳ್ಳೆಯ ಕನ್ವರ್ಟರ್ ಸರಿಯಾಗಿ ಮಾಡುತ್ತೆ. ಅಂಗಡಿಯಲ್ಲಿ ಬರೀ ಅಕ್ಷರ ಒತ್ತಿ ನೋಡಿ ಬರಬೇಡಿ. ಗೋಲ್ಡನ್ನೂ ಜೊತೆಗೆ ಒಯ್ದು, ಮೂರೂ ಲಾಕ್ ಕೀ ಒಂದೊಂದಾಗಿ ಒತ್ತಿ, ಸರಿಯಾದ ಲೈಟ್ ಹತ್ತುತ್ತಾ ಅಂತ ನೋಡಿ. ನಿಮ್ಮ ಕೆಲಸಕ್ಕೆ ಅದೇ ನಿಜವಾದ ಪರೀಕ್ಷೆ.

ನುಡಿಗೆ ಬೇರೆ ಯಾವ ತೊಂದರೆಯೂ ಆಗಲ್ಲ. ಆಗಲೇ ಹೇಳಿದ ಹಾಗೆ ಕೀಬೋರ್ಡ್ ಕಳಿಸೋದು ಕೀಯ ಜಾಗದ ಸಂಖ್ಯೆ ಮಾತ್ರ. ಅದನ್ನು 'ಟ' ಮಾಡೋದು ಲ್ಯಾಪ್‌ಟಾಪ್‌ನಲ್ಲಿರುವ ನುಡಿ. ನುಡಿ ಬಳಸುವ ಕೆ. ಪಿ. ರಾವ್ ಅವರ ಕೀಲಿ ವಿನ್ಯಾಸ ಮೊದಲಿನ ಹಾಗೇ ನಡೆಯುತ್ತೆ. ಅಪ್ಪನ ಬೆರಳಿಗೆ ಏನೂ ಹೊಸದು ಅನಿಸಲ್ಲ.

ಗೋಲ್ಡ್‌ನ ಒಳಗಿನ ಸ್ವಿಚ್‌ಗಳು ಚೆರ್ರಿ ಎಂಎಕ್ಸ್ ಬ್ಲೂ. ಕೀ ಎಳೆದು ತೆಗೆದರೆ ನೀಲಿ ಕಾಂಡ ಕಾಣುತ್ತೆ. ಒತ್ತಿದಾಗ ಅರ್ಧ ದಾರಿಯಲ್ಲೇ 'ಟಿಕ್' ಅನ್ನುತ್ತೆ, ಅಕ್ಷರ ಹೋಯಿತು ಅಂತ ಬೆರಳಿಗೆ ತಿಳಿಯುತ್ತೆ. ಇವತ್ತು ಹುಡುಗರು ಗೇಮ್ ಆಡಲು ದುಬಾರಿ ಹಣ ಕೊಟ್ಟು ಇಂಥದ್ದೇ ಸ್ವಿಚ್ ಹುಡುಕುತ್ತಾರೆ. ನಮ್ಮ ಬ್ಯಾಂಕು, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಅದು ಎಷ್ಟೋ ವರ್ಷದಿಂದ ದುಡಿಯುತ್ತಾ ಇದೆ. ನಿಮ್ಮದರಲ್ಲಿ ಎಫ್ ಕೀ ನೋಡಿ. ಅಕ್ಷರ ಸವೆದು ಎಣ್ಣೆ ಹಚ್ಚಿದ ಹಾಗೆ ಹೊಳೀತಿರಬೇಕು. ನುಡಿಯಲ್ಲಿ ಪ್ರತಿ ಒತ್ತಕ್ಷರಕ್ಕೂ ಎಫ್ ಬೇಕು. 'ಅಕ್ಕ'ದಲ್ಲಿನ 'ಕ್ಕ' ಬರೆಯಲು ಕೆ, ಎಫ್, ಮತ್ತೆ ಕೆ ಒತ್ತಬೇಕು. ಎಫ್ ಸವೆದಿದ್ದರೆ ಅದು ಕನ್ನಡಕ್ಕೆ ದುಡಿದ ಕೀಬೋರ್ಡ್ ಅಂತ ನಾನು ದೂರದಿಂದಲೇ ಹೇಳಬಲ್ಲೆ.

ಐಬಿಎಂ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಬೇಕು. ಮೊದಲು ಅದು ಯಾವ ಕಾಲದ್ದು ಅಂತ ಗೊತ್ತಾಗಬೇಕು, ಯಾಕಂದರೆ ದೊಡ್ಡ ಐದು ಪಿನ್ನಿನ ಪ್ಲಗ್‌ನಲ್ಲೇ ಎರಡು ಭಾಷೆ ಇವೆ. ಎಕ್ಸ್‌ಟಿ ಅನ್ನೋದು 1981ರ ಆ ಮೊದಲ ಪಿಸಿಯ ಪದ್ಧತಿ. ಅದಕ್ಕೆ 83 ಕೀ, ಎಫ್1ರಿಂದ ಎಫ್10ರವರೆಗಿನ ಕೀಗಳು ಎಡಗಡೆ ಎರಡು ಸಾಲಾಗಿ ಇರುತ್ತವೆ, ಲೈಟುಗಳೇ ಇರಲ್ಲ. ಅದು ಕಂಪ್ಯೂಟರಿಗೆ ಹೇಳುತ್ತೆ ಅಷ್ಟೇ, ಕಂಪ್ಯೂಟರಿನ ಮಾತು ಕೇಳಲ್ಲ. ಸ್ಕ್ರೋಲ್ ಲಾಕ್ ಲೈಟ್ ಅದರಲ್ಲಿ ಯಾವತ್ತೂ ಸಾಧ್ಯವಿಲ್ಲ. ಎಟಿ ಪದ್ಧತಿಯದಾದರೆ ಎರಡೂ ಕಡೆ ಮಾತು ನಡೆಯುತ್ತೆ, ಲೈಟ್ ಇರುತ್ತೆ. ನಿಮ್ಮದರಲ್ಲಿ ಬಲಗಡೆ ಮೇಲೆ ಮೂರು ಲೈಟ್ ಇದ್ದು, ಎಫ್ ಕೀಗಳು ಮೇಲಿನ ಸಾಲಿನಲ್ಲಿ ಎಫ್12ರವರೆಗೆ ಇದ್ದರೆ ಅದು ಬಹುತೇಕ 1985ರಿಂದ ಬಂದ ಮಾಡೆಲ್ ಎಂ. ತಿರುಗಿಸಿ ಹಿಂದಿನ ಲೇಬಲ್ ನೋಡಿ. 1391401 ಅಂತ ಪಾರ್ಟ್ ನಂಬರ್ ಇದ್ದರೆ ಸಂಶಯವೇ ಬೇಡ. ಎರಡು ಕೆಜಿಗೂ ಜಾಸ್ತಿ ತೂಗುತ್ತೆ. ಪ್ರತಿ ಕೀ ಕೆಳಗೂ ಒಂದು ಸ್ಪ್ರಿಂಗ್ ಇದೆ. ಒತ್ತುತ್ತಾ ಹೋದರೆ ಅದು ಒಂದು ಹಂತದಲ್ಲಿ ಪಕ್ಕಕ್ಕೆ ಬಾಗಿ ಬೀಳುತ್ತೆ. ಆ 'ಟಕ್' ಶಬ್ದ, ಬೆರಳಿಗೆ ಹತ್ತುವ ಆ ಏಟು, ಎರಡೂ ಅಕ್ಷರ ಹೋದ ಕ್ಷಣಕ್ಕೆ ಸರಿಯಾಗಿ ಬರುತ್ತವೆ. ನಾನು ಈ ಉತ್ತರ ಟೈಪ್ ಮಾಡುತ್ತಿರುವುದೂ ಒಂದು ಮಾಡೆಲ್ ಎಂ ಮೇಲೆಯೇ.

ಬೇರೆ ಕಂಪನಿಯ ಹಳೆ ಕೀಬೋರ್ಡ್ ಇದ್ದವರಿಗೂ ಒಂದು ಮಾತು. ಅಡಿಯಲ್ಲಿ ಎಕ್ಸ್‌ಟಿ-ಎಟಿ ಅಂತ ಬದಲಿಸುವ ಸಣ್ಣ ಸ್ವಿಚ್ ಇದೆಯಾ ನೋಡಿ. ಇದ್ದರೆ ಎಟಿ ಕಡೆ ಸರಿಸಿ.

ಎಟಿ ಮತ್ತು ಪಿಎಸ್/2 ಎರಡರ ಭಾಷೆ ಒಂದೇ, ಪ್ಲಗ್ ಮಾತ್ರ ಬೇರೆ. ಹಾಗಾಗಿ ನಿಮ್ಮ ಮಾಡೆಲ್ ಎಂಗೆ ದೊಡ್ಡ ಪ್ಲಗ್ಗಿನಿಂದ ಸಣ್ಣ ಪ್ಲಗ್ಗಿಗೆ ಹೋಗುವ ಬರೀ ವೈರಿನ ಅಡಾಪ್ಟರ್ ಸಾಕು. ಇಲ್ಲಿ ಚಿಪ್ ಬೇಕಿಲ್ಲ. ಆ ಅಡಾಪ್ಟರನ್ನು ಗೋಲ್ಡ್‌ಗೆ ತಂದ ಅದೇ ಕನ್ವರ್ಟರ್‌ಗೆ ಸಿಕ್ಕಿಸಿದರೆ ಆಯಿತು. ಆದರೆ ಮಾಡೆಲ್ ಎಂ ಹೊಸ ಕೀಬೋರ್ಡ್‌ಗಳಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತೆ. ಅಗ್ಗದ ಕೆಲವು ಕನ್ವರ್ಟರ್‌ಗಳು ಅದಕ್ಕೆ ತಡೆದುಕೊಳ್ಳಲ್ಲ. ಒಂದು ಅಕ್ಷರ ಎರಡು ಸಲ ಬೀಳುತ್ತೆ, ಶಿಫ್ಟ್ ಒತ್ತಿದ ಹಾಗೇ ಉಳಿದುಬಿಡುತ್ತೆ, ಇಲ್ಲವೇ ಹತ್ತು ನಿಮಿಷಕ್ಕೆ ಎಲ್ಲಾ ನಿಂತುಹೋಗುತ್ತೆ. ಹಾಗಾದರೆ ಕೀಬೋರ್ಡಿನ ಮೇಲೆ ತಪ್ಪು ಹೊರಿಸಬೇಡಿ, ಕನ್ವರ್ಟರ್ ಬದಲಿಸಿ.

ನನ್ನನ್ನು ಕೇಳಿದರೆ ಮಾಡೆಲ್ ಎಂಗೆ ಕನ್ವರ್ಟರನ್ನು ನೀವೇ ಮಾಡಿಕೊಳ್ಳೋದು ಒಳ್ಳೆಯದು. ಪ್ರೋ ಮೈಕ್ರೋ ಅಂತ ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಒಂದು ಬೋರ್ಡ್ ಸಿಗುತ್ತೆ. ಅದರ ಮೇಲಿನ ಚಿಪ್ ಎಟಿಮೆಗಾ32ಯು4. 5 ವೋಲ್ಟ್, 16 ಮೆಗಾಹರ್ಟ್ಸ್ ಇರುವುದನ್ನೇ ಕೇಳಿ ತನ್ನಿ. 3.3 ವೋಲ್ಟಿನದೂ ಇದೆ, ಅದು ಬೇಡ, ಯಾಕಂದರೆ ಹಳೆ ಕೀಬೋರ್ಡ್ ಮಾತಾಡೋದು 5 ವೋಲ್ಟಿನಲ್ಲಿ. ಅದಕ್ಕೆ ಸೋರರ್ಸ್ ಕನ್ವರ್ಟರ್ ಅನ್ನುವ ಉಚಿತ ಪ್ರೋಗ್ರಾಂ ತುಂಬಬೇಕು. ಎಕ್ಸ್‌ಟಿ, ಎಟಿ, ಪಿಎಸ್/2 ಮೂರನ್ನೂ ಅದು ತಾನೇ ಗುರುತು ಹಿಡಿಯುತ್ತೆ. ಪ್ರೋಗ್ರಾಂ ತುಂಬಲು ಬೋರ್ಡಿನ ರಿಸೆಟ್ ಪಿನ್ನನ್ನು ಗ್ರೌಂಡಿಗೆ ಟಕಟಕ ಎರಡು ಸಲ ಮುಟ್ಟಿಸಬೇಕು. ಆಮೇಲೆ ಸುಮಾರು ಎಂಟು ಸೆಕೆಂಡ್ ಮಾತ್ರ ಅದು ಹೊಸ ಪ್ರೋಗ್ರಾಂಗೆ ಬಾಗಿಲು ತೆರೆದಿಟ್ಟಿರುತ್ತೆ. ಮೊದಲ ಸಲ ಎಲ್ಲರಿಗೂ ತಪ್ಪುತ್ತೆ. ಮತ್ತೆ ಮಾಡಿ.

ವೈರ್ ನಾಲ್ಕೇ. ಕೀಬೋರ್ಡಿನ 5 ವೋಲ್ಟ್ ಬೋರ್ಡಿನಲ್ಲಿ ವಿಸಿಸಿ ಅಂತ ಬರೆದ ಪಿನ್ನಿಗೆ, ಗ್ರೌಂಡ್ ಗ್ರೌಂಡಿಗೆ, ಡೇಟಾ 3ನೇ ನಂಬರಿಗೆ, ಕ್ಲಾಕ್ 2ನೇ ನಂಬರಿಗೆ. ಕೀಬೋರ್ಡಿನ ಕೇಬಲ್‌ಗೆ ಇಲ್ಲೂ ಕೈ ಹಚ್ಚಬೇಡಿ. ಅದು ಕೂರುವಂಥ ಐದು ಪಿನ್ನಿನ ಸಾಕೆಟ್ ತಂದು ಅದಕ್ಕೆ ಬೆಸುಗೆ ಹಾಕಿ. ಟೇಪ್‌ರೆಕಾರ್ಡರ್ ಕಾಲದಲ್ಲಿ ಆಡಿಯೋಗೆ ಬಳಸುತ್ತಿದ್ದ ಸಾಕೆಟ್ಟೇ ಇದು. ಹಳೆ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಕೇಳಿ ನೋಡಿ, ಐದೂ ಪಿನ್ ಅರ್ಧ ವೃತ್ತದಲ್ಲಿ ಇರುವುದು ಬೇಕು ಅನ್ನಿ.

ಇಲ್ಲಿ ತಪ್ಪಾಗುವ ಜಾಗ ಒಂದಿದೆ. ಆ ಐದು ಪಿನ್ನಿಗೆ ನಂಬರ್ ವರಸೆಯಾಗಿ ಇಲ್ಲ. ಸಾಲಾಗಿ ನೋಡುತ್ತಾ ಹೋದರೆ 1, 4, 2, 5, 3 ಅಂತ ಬರುತ್ತೆ. 1 ಕ್ಲಾಕ್, 4 ಗ್ರೌಂಡ್, ನಟ್ಟನಡುವಿನ 2 ಡೇಟಾ, 5 ಅಂದರೆ 5 ವೋಲ್ಟ್. 3ಕ್ಕೆ ಎಟಿಯಲ್ಲಿ ಕೆಲಸವಿಲ್ಲ. ಪ್ಲಗ್ಗಿನ ಮುಖದಿಂದ ನೋಡಿದ್ದನ್ನು ಸಾಕೆಟ್ಟಿನ ಬೆನ್ನಿಗೆ ಹಾಕುವಾಗ ಎಡ-ಬಲ ತಿರುವುಮುರುವು ಆದರೆ ಏನಾಗುತ್ತೆ ನೋಡಿ. ನಡುವಿನ ಡೇಟಾ ಅಲ್ಲೇ ಉಳಿಯುತ್ತೆ, ಅದರ ಆಚೀಚೆ ಇರುವ ಗ್ರೌಂಡ್ ಮತ್ತು 5 ವೋಲ್ಟ್ ಅದಲುಬದಲು ಆಗುತ್ತವೆ. ಕೀಬೋರ್ಡಿನ ಚಿಪ್‌ಗೆ ಉಲ್ಟಾ ಕರೆಂಟ್ ಹೋದರೆ ಅದು ಉಳಿಯೋದು ಕಷ್ಟ. ಅಂಥ ಚಿಪ್ ಮತ್ತೆ ಸಿಗಲ್ಲ. ಆದ್ದರಿಂದ ಕೀಬೋರ್ಡ್ ಜೋಡಿಸುವ ಮೊದಲೇ ಬೋರ್ಡಿಗೆ ಯುಎಸ್‌ಬಿ ಕೊಟ್ಟು, ಖಾಲಿ ಸಾಕೆಟ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. ಕಪ್ಪು ಕಡ್ಡಿ 4ರಲ್ಲಿ, ಕೆಂಪು ಕಡ್ಡಿ 5ರಲ್ಲಿ. ಮೀಟರ್ 5ರ ಆಸುಪಾಸು ತೋರಿಸಬೇಕು, ಮೈನಸ್ ಗುರುತು ಬರಬಾರದು. ಸಾಕೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಮೇಲೆ ಎಷ್ಟೋ ಸಲ ಸಣ್ಣಗೆ ನಂಬರ್ ಇರುತ್ತೆ. ಟಾರ್ಚ್ ಹಿಡಿದು ಓದಿಕೊಳ್ಳಿ. ಸರಿ ಅಂತ ಖಾತ್ರಿಯಾದ ಮೇಲೆ ಯುಎಸ್‌ಬಿ ತೆಗೆದು, ಕೀಬೋರ್ಡ್ ಸಿಕ್ಕಿಸಿ, ಮತ್ತೆ ಯುಎಸ್‌ಬಿ ಹಾಕಿ. ಮೂರೂ ಲೈಟ್ ಒಮ್ಮೆ ಮಿನುಗಿ ಆರಿದರೆ ಕೀಬೋರ್ಡ್ ತನ್ನನ್ನು ತಾನು ಪರೀಕ್ಷೆ ಮಾಡಿಕೊಂಡಿತು ಅಂತ ಅರ್ಥ. ಆ ಮಿನುಗು ಕಂಡಾಗ ಆಗುವ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ.

ಸ್ವಂತ ಕನ್ವರ್ಟರ್‌ನಿಂದ ಇನ್ನೊಂದು ಲಾಭ ಇದೆ. ಮಾಡೆಲ್ ಎಂನಲ್ಲಿ ವಿಂಡೋಸ್ ಕೀ ಇಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ವಿಂಡೋಸ್ ಕೀ ಅಂತ ತಿಳಿ ಅಂತ ಆ ಬೋರ್ಡಿಗೇ ಹೇಳಿಕೊಡಬಹುದು. ನುಡಿಯಲ್ಲಿ ಟೈಪ್ ಮಾಡುವವರಿಗೆ ಕ್ಯಾಪ್ಸ್ ಲಾಕ್ ಬಿದ್ದುಬಿಟ್ಟರೆ ಅಲ್ಪಪ್ರಾಣ ಮಹಾಪ್ರಾಣವೆಲ್ಲ ತಿರುಗಿ ಬೀಳುತ್ತವೆ. ಹಾಗಾಗಿ ಅದು ಬೇರೆ ಕೆಲಸಕ್ಕೆ ಹೋದರೆ ಒಳ್ಳೆಯದೇ. ಅಷ್ಟೆಲ್ಲಾ ಬೇಡ ಅಂದರೆ ಕಂಟ್ರೋಲ್ ಜೊತೆ ಎಸ್ಕೇಪ್ ಒತ್ತಿ, ಸ್ಟಾರ್ಟ್ ಮೆನು ಬರುತ್ತೆ.

ಧೂಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಒಮ್ಮೆ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಿಂದ ಒಂದು ಗೋಲ್ಡ್ ನನ್ನ ಹತ್ತಿರ ಬಂತು. ಸ್ಪೇಸ್ ಬಾರ್ ತೆಗೆದೆ. ಕೆಳಗೆ ಕಬ್ಬಿಣದ ಪಟ್ಟಿ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪು ಪುಡಿ, ಎರಡು ಮೂರು ಬೀಜವೂ ಇದ್ದವು. ಬಾಯಿಂದ ಊದುವ ಹಾಗಿಲ್ಲ. ಮೂಗಿಗೆ ಬಟ್ಟೆ ಕಟ್ಟಿ, ಪೇಂಟ್ ಬ್ರಷ್ಷಿನಿಂದ ಒಂದೊಂದು ಸಾಲು ಗುಡಿಸಿದೆ. ಕೀಗಳನ್ನು ಬಿಡಿಸಿ ಸೋಪಿನ ನೀರಲ್ಲಿ ನೆನೆಸಿ, ಒಂದು ದಿನ ನೆರಳಲ್ಲಿ ಒಣಗಿಸಿದೆ. ಸ್ವಿಚ್ ಒಂದೂ ಕೆಟ್ಟಿರಲಿಲ್ಲ. ನಿಮ್ಮಲ್ಲಿ ಪೇಪರ್ ಧೂಳು ಇರುತ್ತೆ, ಅದು ಇದಕ್ಕಿಂತ ಸುಲಭ. ಕೀ ತೆಗೆಯುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಸ್ವಿಚ್ ಒಳಗೆ ನೀರು ಹಾಕಬೇಡಿ.

ಮಾಡೆಲ್ ಎಂ ಮಾತ್ರ ಸುಮ್ನೆ ಬಿಚ್ಚಲು ಹೋಗಬೇಡಿ. ಕೀಗಳನ್ನು ಮೇಲಕ್ಕೆ ಎಳೆದು ತೊಳೆಯಿರಿ, ಅಷ್ಟು ಸಾಕು. ಒಳಗಿನ ಕಬ್ಬಿಣದ ತಟ್ಟೆ, ಪ್ಲಾಸ್ಟಿಕ್ ಎರಡನ್ನೂ ಹಿಡಿದಿರೋದು ಸಣ್ಣ ಪ್ಲಾಸ್ಟಿಕ್ ರಿವೆಟ್‌ಗಳು. ವಯಸ್ಸಾದ ಮೇಲೆ ಅವು ಮುಟ್ಟಿದರೆ ಉದುರುತ್ತವೆ. ಕನ್ವರ್ಟರ್ ಹಾಕಿದ ಮೇಲೂ ಲೈಟ್ ಮಿನುಗಲಿಲ್ಲ ಅಂದರೆ ಮೊದಲು ಕೇಬಲ್ ನೋಡಿ. ಹಳೆ ಮಾಡೆಲ್ ಎಂನಲ್ಲಿ ಕೇಬಲ್ ಕೀಬೋರ್ಡಿನ ಹಿಂದೆ ಕ್ಲಿಪ್ಪಿನಿಂದ ಸಿಕ್ಕಿಸಿರುತ್ತೆ, ಕಳಚಿ ಮತ್ತೆ ಗಟ್ಟಿಯಾಗಿ ಒತ್ತಿ. ಅದಕ್ಕೂ ಜಗ್ಗದಿದ್ದರೆ ಹಿಂದಿನ ಸ್ಕ್ರೂ ಬಿಚ್ಚಲು 5.5 ಮಿಲಿಮೀಟರಿನ, ಗೋಡೆ ತೆಳ್ಳಗಿರುವ ಉದ್ದನೆಯ ನಟ್ ಡ್ರೈವರ್ ಬೇಕು. ಸ್ಕ್ರೂಗಳು ಆಳವಾದ ತೂತಿನೊಳಗೆ ಇವೆ. ದಪ್ಪ ಗೋಡೆಯ ಪಾನ ಅಲ್ಲಿಗೆ ಇಳಿಯಲ್ಲ, ಬಲವಂತ ಮಾಡಿದರೆ ಕವಚ ಬಿರುಕು ಬಿಡುತ್ತೆ.